ಹರಿಯುವ ನೀರಿನ ಸೊಪ್ಪು: ವಾಟರ್‌ಕ್ರೆಸ್ ಬೆಳೆಯಾದ ಕತೆ

ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೋಲಿ. ತರಕಾರಿ ಗಾಡಿಯಲ್ಲಿ ಅಕ್ಕಪಕ್ಕ ಕೂರುವ ಈ ನಾಲ್ಕೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಗಿಡ. ಯೂರೋಪಿನ ಕಡಲತಡಿಯ ಕಾಡುಕೋಸಿನಲ್ಲಿ ಒಂದು ಕಡೆಯವರು ದಪ್ಪ ಎಲೆಯನ್ನು ಹುಡುಕಿದರು, ಇನ್ನೊಂದು ಕಡೆಯವರು ಊದಿದ ಕಾಂಡವನ್ನು, ಮತ್ತೊಂದು ಕಡೆಯವರು ಮೊಗ್ಗಿನ ಗೊಂಚಲನ್ನು. ತಲೆಮಾರುಗಟ್ಟಲೆ ಹೀಗೆ ಬೀಜ ಆರಿಸುತ್ತ ಬಂದದ್ದರಿಂದ ಒಂದೇ ಗಿಡ ನಾಲ್ಕಾರು ತರಕಾರಿಯಾಯಿತು. ಬೇಸಾಯದ ಇತಿಹಾಸವೆಂದರೆ ಬಹುಮಟ್ಟಿಗೆ ಇದೇ: ಮನುಷ್ಯ ಗಿಡವನ್ನು ತನಗೆ ಬೇಕಾದಂತೆ ತಿದ್ದಿಕೊಂಡ ಕತೆ.

ಅದೇ ಸಾಸಿವೆ ಕುಟುಂಬದ ವಾಟರ್‌ಕ್ರೆಸ್‌ನ ಕತೆ ಹಾಗಿಲ್ಲ. ಯೂರೋಪಿನಿಂದ ಮಧ್ಯ ಏಷ್ಯಾದವರೆಗೆ ಒರತೆಗಳ ಬಾಯಲ್ಲಿ, ಹಳ್ಳದ ಅಂಚಿನಲ್ಲಿ ತಾನಾಗಿ ಹಬ್ಬುವ ಬಹುವಾರ್ಷಿಕ ಸೊಪ್ಪು ಇದು. ಇಂದು ಸೂಪರ್‌ಮಾರ್ಕೆಟ್ಟಿನ ಪೊಟ್ಟಣದಲ್ಲಿರುವ ವಾಟರ್‌ಕ್ರೆಸ್‌ಗೂ ತೊರೆಯ ಅಂಚಿನ ವಾಟರ್‌ಕ್ರೆಸ್‌ಗೂ ಹೆಚ್ಚು ವ್ಯತ್ಯಾಸವಿಲ್ಲ. ಹಾಗಿದ್ದೂ ಅದು ಒಂದು ಬೆಳೆ. ಅದಕ್ಕಾಗಿ ಜನ ಮಡಿ ಕಟ್ಟಿದ್ದಾರೆ, ಅದರ ಹೆಸರಿನಲ್ಲಿ ಒಂದು ರೈಲುಮಾರ್ಗವಿದೆ. ಅದನ್ನು ಮಾರಿ ಬದುಕಿದ ಮಕ್ಕಳಿದ್ದರು, ತಿಂದು ಸತ್ತವರೂ ಇದ್ದಾರೆ. ಈ ಬೆಳೆಯಲ್ಲಿ ಮನುಷ್ಯ ತಿದ್ದಿದ್ದು ಅದರ ಸುತ್ತಲಿನ ನೀರನ್ನು. ಆದ್ದರಿಂದಲೇ ವಾಟರ್‌ಕ್ರೆಸ್‌ನ ಇನ್ನೂರು ವರ್ಷಗಳ ಇತಿಹಾಸ ನೀರು ಯಾರದು, ಎಷ್ಟು ಶುದ್ಧ ಎಂಬುದರ ಇತಿಹಾಸವೂ ಹೌದು.

ಗಿಡ ಮತ್ತು ಅದರ ಹೆಸರುಗಳು

ವಾಟರ್‌ಕ್ರೆಸ್‌ನ ಕಾಂಡ ಟೊಳ್ಳು, ಹಾಗಾಗಿ ನೀರಿನ ಮೇಲೆ ತೇಲುತ್ತದೆ. ಗೆಣ್ಣುಗೆಣ್ಣಿಗೂ ಬಿಳಿ ಬೇರು ಬಿಡುತ್ತದೆ. ಒಂದು ತುಂಡು ಮುರಿದು ನೀರಿನಲ್ಲಿ ಹರಿದು ಹೋದರೆ ಸಿಕ್ಕಿಕೊಂಡ ಕಡೆ ಹೊಸ ಗಿಡವಾಗುತ್ತದೆ. ಹೂವು ಸಣ್ಣದು, ಬಿಳಿಯದು. ಸಾಸಿವೆ ಹೂವಿನಂತೆ ನಾಲ್ಕು ಎಸಳು. ಎಲೆಯನ್ನು ಸುಮ್ಮನೆ ಹಿಡಿದರೆ ವಾಸನೆಯೇನಿಲ್ಲ, ಕಚ್ಚಿದರೆ ಘಾಟು ಮೂಗಿಗೇರುತ್ತದೆ. ಎಲೆಯ ಜೀವಕೋಶದಲ್ಲಿ ಗ್ಲುಕೊನಾಸ್ಟರ್ಶಿಯಿನ್ ಎಂಬ ಗಂಧಕದ ಸಂಯುಕ್ತ ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಹಲ್ಲು ತಾಗಿ ಎರಡೂ ಬೆರೆತಾಗ ಘಾಟು ಹುಟ್ಟುತ್ತದೆ. ಸಾಸಿವೆ ಅರೆದಾಗ ಕಣ್ಣಲ್ಲಿ ನೀರು ಬರುವುದೂ ಇದೇ ಬಗೆಯ ರಸಾಯನದಿಂದ. ಗಿಡಕ್ಕೆ ಇದು ಹುಳುಹುಪ್ಪಟೆಯಿಂದ ರಕ್ಷಣೆ.

ಅದರ ಶಾಸ್ತ್ರೀಯ ಹೆಸರು ನಾಸ್ಟರ್ಶಿಯಂ ಅಫಿಸಿನಾಲೆ. ಮೊದಲ ಪದಕ್ಕೆ ಮೂಗನ್ನು ಹಿಂಸಿಸುವುದು ಎಂಬ ನಿಷ್ಪತ್ತಿಯನ್ನು ಕ್ರಿ.ಶ. ಒಂದನೆಯ ಶತಮಾನದಲ್ಲೇ ರೋಮಿನ ಪ್ಲಿನಿ ಕೊಟ್ಟಿದ್ದಾನೆ. ಎರಡನೆಯ ಪದ ಔಷಧದ ಅಂಗಡಿಯಲ್ಲಿ ಸಿಗುವ ಮೂಲಿಕೆಗಳಿಗೆ ಅಂಟಿಸುತ್ತಿದ್ದ ವಿಶೇಷಣ. ದೆಹಲಿ, ಬೆಂಗಳೂರಿನ ಕೈತೋಟಗಳಲ್ಲಿ ಚಳಿಗಾಲಕ್ಕೆ ಅರಳುವ ಕಿತ್ತಳೆ ಬಣ್ಣದ ನಾಸ್ಟರ್ಶಿಯಂ ಹೂವು ಬೇರೆ. ದಕ್ಷಿಣ ಅಮೆರಿಕದಿಂದ ಬಂದ ಆ ಬಳ್ಳಿಯ ಎಲೆಯೂ ಅಷ್ಟೇ ಘಾಟು ಎಂಬ ಕಾರಣಕ್ಕೆ ಯೂರೋಪಿನವರು ಹಳೆಯ ಹೆಸರನ್ನೇ ಅದಕ್ಕೂ ಇಟ್ಟರು. ಈಗ ಜನರ ಬಾಯಲ್ಲಿ ಹೆಸರು ಪೂರ್ತಿ ಆ ಹೂವಿನದಾಗಿದೆ.

ಇನ್ನೊಂದು ಗೊಂದಲವೂ ಉಂಟು. ಪರ್ಷಿಯನ್ ಹುಡುಗರು ಪಾಠಕ್ಕೆ ಹೋಗುವಾಗ ರೊಟ್ಟಿಯ ಜೊತೆ ಕಾರ್ಡಮಾನ್ ಎಂಬ ಸೊಪ್ಪು ಒಯ್ಯುತ್ತಿದ್ದರೆಂದು ಕ್ರಿ.ಪೂ. ನಾಲ್ಕನೆಯ ಶತಮಾನದ ಗ್ರೀಕ್ ಲೇಖಕ ಜೆನೊಫನ್ ಬರೆದಿದ್ದಾನೆ. ವಾಟರ್‌ಕ್ರೆಸ್‌ನ ಹೆಗ್ಗಳಿಕೆ ಹೇಳುವವರು ಈ ಮಾತನ್ನು ತಪ್ಪದೆ ಎತ್ತಿಕೊಳ್ಳುತ್ತಾರೆ. ಆದರೆ ಗ್ರೀಕರ ಕಾರ್ಡಮಾನ್ ನೀರಿನ ಗಿಡವಲ್ಲ, ನೆಲದಲ್ಲಿ ಬೆಳೆಯುವ ಗಾರ್ಡನ್ ಕ್ರೆಸ್. ಅದು ಕನ್ನಡಿಗರಿಗೆ ಹೊಸದೇನಲ್ಲ: ಉತ್ತರ ಕರ್ನಾಟಕದ ಅಳವಿ, ಮರಾಠಿಯ ಅಳೀವ್, ಹಿಂದಿಯ ಹಾಲಿಮ್. ಬಾಣಂತಿಗೆ ಕೊಡುವ ಅಳವಿ ಉಂಡೆಯನ್ನು ಪುಣೆ, ಮುಂಬೈಯ ಮನೆಗಳೂ ಬಲ್ಲವು. ಪ್ಲಿನಿ ಮೂಗಿನ ಮಾತು ಹೇಳಿದ್ದೂ ಬಹುಶಃ ಇದೇ ಅಳವಿಯ ಬಗ್ಗೆ. ಅಳವಿಯೂ ವಾಟರ್‌ಕ್ರೆಸ್ಸೂ ದಾಯಾದಿಗಳು. ಒಂದು ನೆಲದ್ದು, ಒಂದು ನೀರಿನದು. ಭಾರತದ ಸಸ್ಯಕೋಶಗಳು ವಾಟರ್‌ಕ್ರೆಸ್ ಅನ್ನು ಜಲ್ ಹಾಲಿಮ್ ಎಂದು ಕರೆಯುವುದು ಇದೇ ತರ್ಕದಿಂದ. ಕನ್ನಡದಲ್ಲಿ ಕಟ್ಟುವುದಾದರೆ ನೀರಳವಿ ಎನ್ನಬಹುದು. ಡಾರ್ಜಿಲಿಂಗ್, ಸಿಕ್ಕಿಂ ಕಡೆಯ ನೇಪಾಳಿ ಭಾಷಿಕರು ಈ ಸೊಪ್ಪನ್ನು ನಿಜವಾಗಿ ತಿನ್ನುವವರು. ಅವರು ಅದಕ್ಕೆ ಸಿಮ್‌ರಾಯೊ ಎನ್ನುತ್ತಾರೆ: ಸಿಮ್ ಎಂದರೆ ಒರತೆಯ ಜೌಗು, ರಾಯೊ ಎಂದರೆ ಸಾಸಿವೆ ಸೊಪ್ಪು. ಜರ್ಮನ್ ಭಾಷೆಯಲ್ಲಿ ಇದು ಬ್ರುನ್ನೆನ್‌ಕ್ರೆಸ್ಸೆ. ಬ್ರುನ್ನೆನ್ ಎಂದರೆ ಒರತೆ ಅಥವಾ ಬಾವಿ. ಈ ಭಾಷೆಗಳು ಗಿಡವನ್ನು ಹೆಸರಿಸುವಾಗ ನೀರನ್ನು ಬಿಟ್ಟು ಮಾತಾಡಿಲ್ಲ.

ಹಸಿದವರ ಸೊಪ್ಪು

ಬೆಳೆಯಾಗುವ ಮೊದಲು ವಾಟರ್‌ಕ್ರೆಸ್‌ಗೆ ಬೆಲೆಯಿರಲಿಲ್ಲ. ಹದಿನಾಲ್ಕನೆಯ ಶತಮಾನದ ಇಂಗ್ಲಿಷಿನಲ್ಲಿ ಯಾವುದಾದರೂ ಕೆಲಸಕ್ಕೆ ಬಾರದ್ದು ಎನ್ನಲು ಅದು ಒಂದು ಕ್ರೆಸ್‌ನಷ್ಟೂ ಬಾಳುವುದಿಲ್ಲ ಎನ್ನುತ್ತಿದ್ದರು. ಪಿಯರ್ಸ್ ಪ್ಲೌಮನ್ ಕಾವ್ಯದಲ್ಲಿ ಈ ಪ್ರಯೋಗವಿದೆ. ನಾವು ಹುಲ್ಲುಕಡ್ಡಿಗೆ ಸಮ ಎಂದಂತೆ. ತೊರೆಯಲ್ಲಿ ಪುಕ್ಕಟೆ ಸಿಗುವುದಕ್ಕೆ ಯಾರು ತಾನೇ ಬೆಲೆ ಕಟ್ಟುತ್ತಾರೆ?

ಪುಕ್ಕಟೆಯಾದ್ದರಿಂದಲೇ ಅದು ಬೇರೇನೂ ಇಲ್ಲದವರ ಊಟವಾಗಿತ್ತು. ಮಧ್ಯಯುಗದ ಐರಿಷ್ ಕತೆಯೊಂದರಲ್ಲಿ ರಾಜ ಸ್ವೀನಿ ಯುದ್ಧಭೂಮಿಯಲ್ಲಿ ಬುದ್ಧಿ ಕಳೆದುಕೊಂಡು, ಹಕ್ಕಿಯಂತೆ ಮರದಿಂದ ಮರಕ್ಕೆ ಅಲೆಯುತ್ತಾನೆ. ಆಗ ಅವನನ್ನು ಬದುಕಿಸುವುದು ವಾಟರ್‌ಕ್ರೆಸ್ ಮತ್ತು ತೊರೆಯ ನೀರು. ಕವಿ ಶೇಮಸ್ ಹೀನಿ 1983ರಲ್ಲಿ ಈ ಕತೆಯನ್ನು ಇಂಗ್ಲಿಷಿಗೆ ತಂದ. ಕತೆಯಲ್ಲಿ ಒಬ್ಬ ರಾಜನಿಗೆ ಬಂದ ಗತಿ ಇತಿಹಾಸದಲ್ಲಿ ಸಾವಿರಾರು ಜನರಿಗೆ ಬಂತು. ಹದಿನಾರನೆಯ ಶತಮಾನದ ಕೊನೆಯಲ್ಲಿ ಐರ್ಲೆಂಡಿನ ಮನ್‌ಸ್ಟರ್ ಪ್ರಾಂತದ ಬಂಡಾಯವನ್ನು ಇಂಗ್ಲಿಷ್ ಸೇನೆ ಅಡಗಿಸಿದ ಮೇಲೆ ಬಿದ್ದ ಬರಗಾಲವನ್ನು ಕವಿ ಎಡ್ಮಂಡ್ ಸ್ಪೆನ್ಸರ್ ವರ್ಣಿಸಿದ್ದಾನೆ. ನಿಲ್ಲಲು ತ್ರಾಣವಿಲ್ಲದೆ ಕಾಡಿನಿಂದ ತೆವಳಿ ಬಂದ ಜನ ಎಲ್ಲಿಯಾದರೂ ಒಂದಿಷ್ಟು ವಾಟರ್‌ಕ್ರೆಸ್ ಕಂಡರೆ ಹಬ್ಬದೂಟಕ್ಕೆ ಬಂದಂತೆ ಮುಗಿಬೀಳುತ್ತಿದ್ದರು ಎಂಬುದು ಅವನು 1596ರಲ್ಲಿ ಬರೆದ ವಿವರ. ಅದು ಮರುಕದ ಮಾತೇನಲ್ಲ. ಐರಿಷರನ್ನು ಬಗ್ಗಿಸಲು ಹಸಿವು ಒಳ್ಳೆಯ ಉಪಾಯ ಎಂದು ವಾದಿಸುವ ಪುಸ್ತಕದಲ್ಲೇ ಈ ಸಾಲುಗಳಿವೆ.

ಹಸಿವಿಲ್ಲದವರಿಗೆ ಅದು ಔಷಧವಾಗಿತ್ತು. ಚಳಿಗಾಲವಿಡೀ ಉಪ್ಪು ಹಾಕಿದ ಮಾಂಸ, ಒಣ ರೊಟ್ಟಿ ತಿಂದು ವಸಂತದ ಹೊತ್ತಿಗೆ ವಸಡಿನಲ್ಲಿ ರಕ್ತ ಒಸರುತ್ತಿದ್ದವರಿಗೆ ಮೊದಲು ಸಿಗುತ್ತಿದ್ದ ಹಸಿರು ಸೊಪ್ಪುಗಳಲ್ಲಿ ಇದೂ ಒಂದು. ವಿಟಮಿನ್ ಸಿ ಎಂಬ ಹೆಸರು ಹುಟ್ಟುವ ನೂರಾರು ವರ್ಷ ಮೊದಲೇ ಸ್ಕರ್ವಿಗೆ ಇದು ಮದ್ದು ಎಂದು ಮೂಲಿಕೆಯ ಪುಸ್ತಕಗಳು ಹೇಳುತ್ತಿದ್ದವು.

ಮಡಿ ಕಟ್ಟಿದವರು

ಬೇಸಾಯದ ಮೊದಲ ಹೆಜ್ಜೆ ಜರ್ಮನಿಯ ಏರ್ಫುರ್ಟ್ ಪಟ್ಟಣದ್ದು. ಊರ ಪಕ್ಕದ ಡ್ರೈಎನ್‌ಬ್ರುನ್ನೆನ್ ಎಂಬಲ್ಲಿ, ಅಂದರೆ ಮೂರು ಒರತೆಗಳ ಜಾಗದಲ್ಲಿ, ಚಳಿಗಾಲದಲ್ಲೂ ಹೆಪ್ಪುಗಟ್ಟದ ನೀರು ಹರಿಯುತ್ತಿತ್ತು. ಹದಿನೆಂಟನೆಯ ಶತಮಾನದಲ್ಲಿ ಕ್ರಿಸ್ಟಿಯಾನ್ ರೈಕಾರ್ಟ್ (1685–1775) ಎಂಬ ತೋಟಗಾರಿಕೆಯ ಪಂಡಿತ ಅಲ್ಲಿನ ಕಾಲುವೆಗಳ ವ್ಯವಸ್ಥೆಯನ್ನು ಸುಧಾರಿಸಿದ. ಕಾಲುವೆಯಲ್ಲಿ ವಾಟರ್‌ಕ್ರೆಸ್, ಎರಡು ಕಾಲುವೆಗಳ ನಡುವಿನ ಏರಿಯಲ್ಲಿ ಬೇರೆ ತರಕಾರಿ.

ಈ ವಿದ್ಯೆ ಫ್ರಾನ್ಸಿಗೆ ಹೋದದ್ದು ಸೇನೆಯ ಬೆನ್ನಿಗೆ. 1809–10ರ ಚಳಿಗಾಲ ನೆಪೋಲಿಯನ್ನನ ಸೇನೆಯ ಆಸ್ಪತ್ರೆ ವಿಭಾಗದ ಕಾರ್ಡೋನ್ ಎಂಬ ಅಧಿಕಾರಿ ಏರ್ಫುರ್ಟಿನಲ್ಲಿದ್ದ. ಸುತ್ತ ಹಿಮ ಬಿದ್ದಿದ್ದರೂ ಕಾಲುವೆಯಲ್ಲಿ ಹಸಿರು ಸೊಪ್ಪು ನಳನಳಿಸುತ್ತಿದ್ದುದನ್ನು ಕಂಡು ಬೆರಗಾದ. ಊರಿಗೆ ಮರಳಿದ ಮೇಲೆ, 1811ರ ಸುಮಾರಿಗೆ, ಪ್ಯಾರಿಸ್ಸಿನ ಉತ್ತರಕ್ಕಿರುವ ಸೆನ್ಲಿಸ್ ಬಳಿಯ ಕಣಿವೆಯಲ್ಲಿ ಅಂಥದೇ ಕಾಲುವೆಗಳನ್ನು ತೋಡಿಸಿದ.

ಅದಕ್ಕೆ ಮೂರು ವರ್ಷ ಮುಂಚೆಯೇ, 1808ರಲ್ಲಿ, ಇಂಗ್ಲೆಂಡಿನಲ್ಲಿ ವಿಲಿಯಂ ಬ್ರ್ಯಾಡ್‌ಬೆರಿ ಎಂಬಾತ ಇದನ್ನು ವ್ಯಾಪಾರದ ಬೆಳೆಯಾಗಿ ಬೆಳೆಯಲು ತೊಡಗಿದ್ದ. ಕೆಂಟ್ ಪ್ರಾಂತದ ಗ್ರೇವ್ಸೆಂಡ್ ಪಟ್ಟಣದ ಬಳಿಯ ಸ್ಪ್ರಿಂಗ್‌ಹೆಡ್ ಅವನು ಆರಿಸಿಕೊಂಡ ಜಾಗ. ಹೆಸರೇ ಹೇಳುವಂತೆ ಅದು ಒರತೆಯ ತಲೆ. ಅದೇ ಒರತೆಗಳ ಸುತ್ತ ರೋಮನ್ನರ ಕಾಲದ ದೇಗುಲಗಳಿದ್ದವೆಂದು ಉತ್ಖನನಗಳು ತೋರಿಸಿವೆ. ಒಂದು ಕಾಲದಲ್ಲಿ ಪೂಜೆಗೊಂಡ ನೀರು ಬ್ರ್ಯಾಡ್‌ಬೆರಿಯ ಕೈಯಲ್ಲಿ ಬಂಡವಾಳವಾಯಿತು.

ಅವನಿಗಿಂತ ಮೊದಲು ಲಂಡನ್ನಿಗೆ ಬರುತ್ತಿದ್ದುದು ಹಳ್ಳಕೊಳ್ಳಗಳಲ್ಲಿ ಕಿತ್ತು ತಂದ ಸೊಪ್ಪು. ಅದರಲ್ಲಿ ಕೆಸರು, ಕಳೆ ಬೆರೆತಿರುತ್ತಿದ್ದವು. ವಾಟರ್ ಡ್ರಾಪ್‌ವರ್ಟ್‌ನಂಥ ಪ್ರಾಣಕ್ಕೆ ಎರವಾಗುವ ಗಿಡಗಳೂ ಅದೇ ಹಳ್ಳದಂಚಿನಲ್ಲಿ ಬೆಳೆಯುತ್ತವೆ, ಗುರುತು ತಪ್ಪಿದರೆ ಕೆಟ್ಟಂತೆ. ಬೆಳೆದ ಸೊಪ್ಪಿನಲ್ಲಿ ಈ ಭಯವಿರಲಿಲ್ಲ.

ವಾಟರ್‌ಕ್ರೆಸ್ ಮಡಿಯ ರಚನೆ ನೋಡಲು ಸರಳ, ಕಟ್ಟುವುದು ಕಷ್ಟ. ಒರತೆಯ ಕೆಳಗೆ ನೆಲವನ್ನು ಅಗಲವಾಗಿ, ಕಂಡೂ ಕಾಣದಷ್ಟು ಇಳಿಜಾರಾಗಿ ಹದಗೊಳಿಸಬೇಕು. ತಳಕ್ಕೆ ಸಣ್ಣ ಜಲ್ಲಿ ಹಾಸಬೇಕು. ಅದರ ಮೇಲೆ ಕೆಲವೇ ಸೆಂಟಿಮೀಟರ್ ಆಳದ ನೀರು ಹಗಲೂ ರಾತ್ರಿ ನಿಲ್ಲದೆ ಹರಿಯುತ್ತಿರಬೇಕು. ನಿಂತರೆ ಕೊಳೆಯುತ್ತದೆ, ಜೋರಾದರೆ ಬೇರು ಕಿತ್ತು ಹೋಗುತ್ತದೆ. ಭತ್ತದ ಗದ್ದೆಯನ್ನು ನೆನಪಿಸಿದರೂ ಇದು ಅದಕ್ಕೆ ವಿರುದ್ಧ. ಗದ್ದೆಯಲ್ಲಿ ನೀರು ನಿಲ್ಲಿಸುವುದು ಜಾಣತನ, ಇಲ್ಲಿ ನಿಲ್ಲಗೊಡದಿರುವುದು.

ದಕ್ಷಿಣ ಇಂಗ್ಲೆಂಡಿನ ನೆಲ ಇದಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿನ ಗುಡ್ಡಗಳೆಲ್ಲ ಸೀಮೆಸುಣ್ಣದ ಕಲ್ಲು. ಚಳಿಗಾಲದ ಮಳೆ ಆ ಕಲ್ಲಿನೊಳಗೆ ಇಂಗಿ, ಸೋಸಿ, ಸುಣ್ಣದ ಸಾರ ಹೀರಿಕೊಂಡು ಬುಡದಲ್ಲಿ ಒರತೆಯಾಗಿ ಹೊರಬೀಳುತ್ತದೆ. ಆ ನೀರು ವರ್ಷವಿಡೀ ಸುಮಾರು 10–11 ಡಿಗ್ರಿ ಸೆಲ್ಸಿಯಸ್. ಹೊರಗೆ ಹಿಮ ಬಿದ್ದರೂ ಗಿಡದ ಬುಡ ಬೆಚ್ಚಗಿರುತ್ತದೆ. ಬೇರಾವ ಸೊಪ್ಪೂ ಸಿಗದ ತಿಂಗಳುಗಳಲ್ಲಿ ಇದು ಸಿಗುತ್ತಿದ್ದುದರ ಗುಟ್ಟು ಇಷ್ಟೇ. ಕೆಂಟ್ ಬಳಿಕ ಹರ್ಟ್‌ಫರ್ಡ್‌ಶೈರ್, ಹ್ಯಾಂಪ್‌ಶೈರ್, ವಿಲ್ಟ್‌ಶೈರ್, ಡಾರ್ಸೆಟ್‌ನ ತೊರೆಗಳಿಗೂ ಮಡಿಗಳು ಹಬ್ಬಿದವು.

ಫ್ಯಾರಿಂಗ್‌ಡನ್ ಮಾರುಕಟ್ಟೆಯ ಹುಡುಗಿ

ಮಡಿಯಲ್ಲಿ ಬೆಳೆದದ್ದನ್ನು ಬಡವರ ತಟ್ಟೆಗೆ ತಲುಪಿಸಿದವರು ಮಕ್ಕಳು ಮತ್ತು ಮುದುಕಿಯರು. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಕೂಲಿಯವರ ಬೆಳಗಿನ ತಿಂಡಿಗೆ ರೊಟ್ಟಿಯ ಜೊತೆ ಒಂದು ಕಟ್ಟು ವಾಟರ್‌ಕ್ರೆಸ್ ಇರುತ್ತಿತ್ತು. ರೊಟ್ಟಿ ಕೊಳ್ಳಲೂ ಕಾಸಿಲ್ಲದವರು ಬರೀ ಸೊಪ್ಪು ತಿನ್ನುತ್ತಿದ್ದರು. ಅದಕ್ಕೆ ಬಡವರ ರೊಟ್ಟಿ ಎಂಬ ಹೆಸರೇ ಬಿದ್ದಿತ್ತು.

ಪತ್ರಕರ್ತ ಹೆನ್ರಿ ಮೇಹ್ಯೂ 1849ರಿಂದ ಲಂಡನ್ನಿನ ಬೀದಿಬದಿಯ ದುಡಿಮೆಗಾರರನ್ನು ಮಾತಾಡಿಸಿ, ಅವರ ಮಾತನ್ನು ಅವರದೇ ಆಡುನುಡಿಯಲ್ಲಿ ಬರೆದುಕೊಂಡ. ಆ ಬರಹಗಳು ಮುಂದೆ 'ಲಂಡನ್ ಲೇಬರ್ ಅಂಡ್ ದಿ ಲಂಡನ್ ಪೂರ್' ಎಂಬ ಪುಸ್ತಕವಾದವು. ಅದರಲ್ಲಿ ಹೆಚ್ಚು ಓದುಗರ ಮನಸ್ಸಿನಲ್ಲಿ ಉಳಿದಿರುವುದು ಹೆಸರಿಲ್ಲದ ಎಂಟು ವರ್ಷದ ಒಬ್ಬ ವಾಟರ್‌ಕ್ರೆಸ್ ಹುಡುಗಿ. ತೆಳು ಹತ್ತಿಯ ಲಂಗ, ಸವೆದ ಶಾಲು, ಕಾಲಿಗೆ ಅಳತೆ ಮೀರಿದ ಚಪ್ಪಲಿ. ಬೆಳಗಿನ ಜಾವ ನಾಲ್ಕೈದು ಗಂಟೆಗೆ ಫ್ಯಾರಿಂಗ್‌ಡನ್ ಮಾರುಕಟ್ಟೆಯಲ್ಲಿ ಇರುತ್ತಿದ್ದಳು. ಕತ್ತಲಲ್ಲಿ ದೀಪ ಹಚ್ಚಿಟ್ಟ ಬುಟ್ಟಿಗಳ ನಡುವೆ ಚೌಕಾಸಿ ಮಾಡಿ ಸೊಪ್ಪು ಕೊಳ್ಳುವುದು, ಪಂಪಿನ ತಣ್ಣೀರಲ್ಲಿ ತೊಳೆಯುವುದು, ಮೆಟ್ಟಿಲ ಮೇಲೆ ಕೂತು ಸಣ್ಣಸಣ್ಣ ಕಟ್ಟು ಕಟ್ಟುವುದು, ಆಮೇಲೆ ಪೆನ್ನಿಗೆ ನಾಲ್ಕು ಕಟ್ಟು ಎಂದು ಕೂಗುತ್ತ ಬೀದಿ ಸುತ್ತುವುದು.

ಮೇಹ್ಯೂ ಮೊದಲು ಅವಳನ್ನು ಆಟಿಕೆ, ಗೆಳತಿಯರ ಬಗ್ಗೆ ಕೇಳಿದ. ಅವಳಿಗೆ ಆ ಮಾತುಗಳೇ ವಿಚಿತ್ರವೆನಿಸಿದವು. ತಾನು ಮಗುವಲ್ಲ ಎಂದಳು. ಸಿಹಿತಿಂಡಿಗೆ ಆಸೆಪಡುವುದು ಮಕ್ಕಳ ಕೆಲಸ, ದುಡಿದು ತಿನ್ನಬೇಕಾದವರಿಗೆ ಅದು ಸಲ್ಲದು ಎಂಬುದು ಅವಳ ಅಭಿಪ್ರಾಯ. ಓದು ಬರಹ ಬರುತ್ತಿರಲಿಲ್ಲ, ಆದರೆ ಪೆನ್ನಿ, ಶಿಲಿಂಗ್‌ಗಳ ಲೆಕ್ಕದಲ್ಲಿ ಅವಳಿಗೆ ಮೋಸ ಮಾಡುವಂತಿರಲಿಲ್ಲ. ಕೈತುಂಬ ಸೊಪ್ಪು ಎಷ್ಟು ಕಾಸಿಗೆ ಸಿಗಬೇಕೆಂದು ಕಣ್ಣಳತೆಯಲ್ಲೇ ಬಲ್ಲಳು. ಗಳಿಸಿದ್ದನ್ನು ತಾಯಿಗೆ ಕೊಡುತ್ತಿದ್ದಳು. ಬಡ ಮಕ್ಕಳ ಬಗ್ಗೆ ಆ ಕಾಲದಲ್ಲಿ ಕಣ್ಣೀರು ತರಿಸುವ ಬರಹಕ್ಕೆ ಕೊರತೆಯಿರಲಿಲ್ಲ. ಈ ಹುಡುಗಿಯ ಮಾತು ಓದುಗರನ್ನು ಅಲ್ಲಾಡಿಸಿದ್ದು ಅದರಲ್ಲಿ ಕಣ್ಣೀರೇ ಇಲ್ಲದ್ದಕ್ಕೆ.

1866ರಲ್ಲಿ ಜಾನ್ ಗ್ರೂಮ್ ಎಂಬಾತ ಫ್ಯಾರಿಂಗ್‌ಡನ್ ಮಾರುಕಟ್ಟೆಯ ಬಳಿಯ ಕ್ಲರ್ಕನ್‌ವೆಲ್‌ನಲ್ಲಿ ವಾಟರ್‌ಕ್ರೆಸ್ ಮತ್ತು ಹೂವು ಮಾರುವ ಹುಡುಗಿಯರಿಗಾಗಿ ಒಂದು ಸೇವಾಸಂಸ್ಥೆ ತೆರೆದ. ಬೀದಿಯಿಂದ ಮೇಲೇರಿದವರೂ ಇಲ್ಲದಿಲ್ಲ. ಬಾಲ್ಯದಲ್ಲಿ ಸೊಪ್ಪು ಮಾರಿದ ಎಲೈಜಾ ಜೇಮ್ಸ್ ಮುಂದೆ ಕೋವೆಂಟ್ ಗಾರ್ಡನ್ ಮಾರುಕಟ್ಟೆಯ ದೊಡ್ಡ ವ್ಯಾಪಾರಿಯಾಗಿ, ಸ್ವಂತ ಮಡಿಗಳ ಒಡತಿಯಾಗಿ ವಾಟರ್‌ಕ್ರೆಸ್ ರಾಣಿ ಎನಿಸಿಕೊಂಡಳು. 1927ರಲ್ಲಿ ಅವಳು ತೀರಿಕೊಂಡಾಗ ಪತ್ರಿಕೆಗಳು ಆ ಬದುಕನ್ನು ಕೊಂಡಾಡಿದವು. ಆದರೆ ರಾಣಿಯಾದವಳು ಒಬ್ಬಳು. ಚಳಿಯಲ್ಲಿ ಕೂಗುತ್ತ ನಡೆದ ಉಳಿದವರ ಹೆಸರು ಎಲ್ಲಿಯೂ ದಾಖಲಾಗಿಲ್ಲ.

ರೈಲು ಬಂತು

ವಾಟರ್‌ಕ್ರೆಸ್ ಬೇಗ ಬಾಡುವ ಸೊಪ್ಪು. ಕುದುರೆಗಾಡಿ ಒಂದು ರಾತ್ರಿಯಲ್ಲಿ ಹೋಗಬಲ್ಲಷ್ಟು ದೂರವೇ ಅದರ ಸೀಮೆಯಾಗಿತ್ತು. 1865ರ ಅಕ್ಟೋಬರ್‌ನಲ್ಲಿ ಹ್ಯಾಂಪ್‌ಶೈರ್‌ನ ಆಲ್ಟನ್‌ನಿಂದ ಆಲ್ರೆಸ್ಫರ್ಡ್ ಮೂಲಕ ವಿಂಚೆಸ್ಟರ್ ಕಡೆಗೆ ರೈಲುಮಾರ್ಗ ತೆರೆದಾಗ ಆ ಸೀಮೆ ಅಳಿಸಿತು. ಸಂಜೆ ಕೊಯ್ದು ಬುಟ್ಟಿಗೆ ತುಂಬಿದ ಸೊಪ್ಪು ಬೆಳಗಾಗುವುದರೊಳಗೆ ಲಂಡನ್ನಿನ ಮಾರುಕಟ್ಟೆಯಲ್ಲಿ. ಈ ಮಾರ್ಗಕ್ಕೆ ವಾಟರ್‌ಕ್ರೆಸ್ ಲೈನ್ ಎಂಬ ಅಡ್ಡಹೆಸರು ಅಂಟಿಕೊಂಡಿತು. 1973ರಲ್ಲಿ ಮಾರ್ಗ ಮುಚ್ಚಿತು. 1977ರಿಂದ ಉತ್ಸಾಹಿಗಳು ಅದನ್ನು ಹಂತಹಂತವಾಗಿ ಮತ್ತೆ ತೆರೆದು ಹಬೆಯ ಎಂಜಿನ್ ಓಡಿಸುತ್ತಿದ್ದಾರೆ. ಈಗ ಅದರಲ್ಲಿ ಸೊಪ್ಪಿಲ್ಲ, ಪ್ರವಾಸಿಗರಿದ್ದಾರೆ. ಅಡ್ಡಹೆಸರೇ ಅದರ ರೂಢಿಯ ಹೆಸರಾಗಿದೆ.

ಹಸಿರಾಗಿ ಕಂಡರೆ ಸಾಲದು

ನೀರನ್ನು ನಂಬಿದ ಬೆಳೆ ನೀರಿನ ಪಾಪವನ್ನೂ ಹೊರಬೇಕು. ಕುರಿ, ದನಗಳ ಪಿತ್ತಜನಕಾಂಗದಲ್ಲಿ ಬದುಕುವ ಎಲೆಯಾಕಾರದ ಚಪ್ಪಟೆ ಹುಳುವೊಂದಿದೆ. 1879–80ರಲ್ಲಿ ಅದು ಇಂಗ್ಲೆಂಡಿನಲ್ಲಿ ಲಕ್ಷಾಂತರ ಕುರಿಗಳನ್ನು ಕೊಂದಿತು. ಅದು ಹರಡುವ ಬಗೆಯನ್ನು ಜರ್ಮನಿಯಲ್ಲಿ ರುಡಾಲ್ಫ್ ಲ್ಯುಕಾರ್ಟ್, ಇಂಗ್ಲೆಂಡಿನಲ್ಲಿ ಎ.ಪಿ. ಥಾಮಸ್ ಬೇರೆಬೇರೆಯಾಗಿಯೇ 1880ರ ದಶಕದ ಆರಂಭದಲ್ಲಿ ಬಿಡಿಸಿದರು. ಹುಳುವಿನ ಮೊಟ್ಟೆ ಸಗಣಿ, ಹಿಕ್ಕೆಯೊಂದಿಗೆ ಜೌಗಿಗೆ ಬೀಳುತ್ತದೆ. ಮರಿ ಒಂದು ಪುಟ್ಟ ಬಸವನಹುಳುವಿನೊಳಗೆ ಹೊಕ್ಕು ಅಲ್ಲಿ ನೂರಾಗುತ್ತದೆ. ಅಲ್ಲಿಂದ ಹೊರಬಂದು ಈಜಿ ನೀರಂಚಿನ ಎಲೆಗೆ ಅಂಟಿ ಸುತ್ತ ಗೂಡು ಕಟ್ಟಿಕೊಂಡು ಕಾಯುತ್ತದೆ. ಎಲೆಯನ್ನು ಕುರಿ ತಿಂದರೆ ಕುರಿಗೆ, ಮನುಷ್ಯ ತಿಂದರೆ ಮನುಷ್ಯನಿಗೆ. ಯೂರೋಪಿನಲ್ಲಿ ಮನುಷ್ಯರಿಗೆ ಈ ರೋಗ ತಗಲುವ ಮುಖ್ಯ ದಾರಿ ಕಾಡು ವಾಟರ್‌ಕ್ರೆಸ್. ಸುಮ್ಮನೆ ತೊಳೆದರೆ ಆ ಗೂಡು ಬಿಟ್ಟುಹೋಗುವುದಿಲ್ಲ.

ಇನ್ನೊಂದು ಅಪಾಯ ಊರಿನಿಂದ ಬಂತು. ಲಂಡನ್ ಬೆಳೆದಂತೆ ಅದರ ಹತ್ತಿರದ ತೊರೆಗಳು ಚರಂಡಿಗಳಾದವು. ಆ ನೀರು ಕುಡಿದ ವಾಟರ್‌ಕ್ರೆಸ್ ಸೊರಗಲಿಲ್ಲ. ಗೊಬ್ಬರ ಸಿಕ್ಕಿದಂತೆ ಇನ್ನಷ್ಟು ಸೊಂಪಾಗಿ ಬೆಳೆಯಿತು. ನೋಡಿ ತಿಳಿಯುವ ದಾರಿಯಿರಲಿಲ್ಲ. ಮಾರುವವರು ತೊಳೆಯುತ್ತಿದ್ದ ನೀರೂ ನಂಬುವಂಥದ್ದಲ್ಲ. 1854ರಲ್ಲಿ ಸೋಹೋದ ಬ್ರಾಡ್ ಸ್ಟ್ರೀಟ್‌ನ ಒಂದು ಪಂಪೇ ಕಾಲರಾ ಹಂಚಿತ್ತೆಂದು ವೈದ್ಯ ಜಾನ್ ಸ್ನೋ ತೋರಿಸಿದ್ದ. 1903ರಲ್ಲಿ ಲಂಡನ್ನಿನ ಹ್ಯಾಕ್ನಿ ಭಾಗದಲ್ಲಿ ಟೈಫಾಯ್ಡ್ ಹಬ್ಬಿದಾಗ ಆರೋಗ್ಯಾಧಿಕಾರಿಯ ತನಿಖೆ ಕೊಳಚೆ ನೀರಲ್ಲಿ ಬೆಳೆದ ವಾಟರ್‌ಕ್ರೆಸ್‌ನತ್ತ ಬೆರಳು ಮಾಡಿತು. ಹಸಿಯಾಗಿ ತಿನ್ನುವುದರಿಂದ ಬೆಂಕಿಯ ಕಾವಲೂ ಇಲ್ಲ. ಹೆಚ್ಚು ತಿನ್ನುತ್ತಿದ್ದವರು ಬಡವರು, ಹಾಗಾಗಿ ಹೆಚ್ಚು ನರಳಿದವರೂ ಅವರೇ.

ಬೇಸಾಯ ಇದಕ್ಕೆ ಕೊಟ್ಟ ಉತ್ತರ ನೀರಿನ ಸುತ್ತ ಬೇಲಿ. ತೊರೆಯ ನೀರನ್ನು ಬಿಟ್ಟು ಒರತೆಯ ಬಾಯಿಂದ ಅಥವಾ ಆಳದ ಕೊಳವೆಬಾವಿಯಿಂದ ನೇರ ಮಡಿಗೆ ನೀರು, ದನಕುರಿ ಹತ್ತಿರ ಸುಳಿಯದಂತೆ ತಡೆ, ನೀರಿನ ಪರೀಕ್ಷೆ. ಬ್ರ್ಯಾಡ್‌ಬೆರಿ ಕಳೆಯಿಂದ ಬೇರ್ಪಡಿಸಿದ ಸೊಪ್ಪನ್ನು ಅವನ ನಂತರದವರು ಊರಿನಿಂದ, ಹಟ್ಟಿಯಿಂದ ಬೇರ್ಪಡಿಸಬೇಕಾಯಿತು. ಅಷ್ಟಾದರೂ ನೀರಿನಲ್ಲೇ ಬರುವ ಗಿಡದ ರೋಗ ಬಿಡಲಿಲ್ಲ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಬೇರನ್ನು ಸೊಟ್ಟಗೆ ಊದಿಸಿ ಕೊಳೆಸುವ ಕ್ರೂಕ್ ರೂಟ್ ರೋಗ ಮಡಿಗಳನ್ನು ಹಾಳುಮಾಡಿತು. ಹರಿಯುವ ನೀರಿಗೆ ಅತಿ ಸ್ವಲ್ಪ ಸತು ಬೆರೆಸಿ ಅದನ್ನು ಹತೋಟಿಗೆ ತಂದರು.

ಬಡವರ ರೊಟ್ಟಿಗೆ ನೂರಕ್ಕೆ ನೂರು

ಎರಡನೆಯ ಮಹಾಯುದ್ಧದ ನಂತರ ವಾಟರ್‌ಕ್ರೆಸ್ ಹಿಂದೆ ಸರಿಯಿತು. ವರ್ಷವಿಡೀ ಬೇರೆ ಸೊಪ್ಪುಗಳು ಸಿಗತೊಡಗಿದವು, ಸಣ್ಣ ರೈಲುಮಾರ್ಗಗಳು ಮುಚ್ಚಿದವು, ಸಣ್ಣ ಮಡಿಗಳು ಪಾಳುಬಿದ್ದವು. ಅಮೆರಿಕದಲ್ಲೂ ಹೀಗೇ. ಸುಣ್ಣಕಲ್ಲಿನ ಒರತೆಗಳಿದ್ದ ಅಲಬಾಮದ ಹಂಟ್ಸ್‌ವಿಲ್ ಒಂದು ಕಾಲಕ್ಕೆ ತನ್ನನ್ನು ಜಗತ್ತಿನ ವಾಟರ್‌ಕ್ರೆಸ್ ರಾಜಧಾನಿ ಎಂದು ಕರೆದುಕೊಳ್ಳುತ್ತಿತ್ತು. 1950ರಲ್ಲಿ ವರ್ನರ್ ಫಾನ್ ಬ್ರೌನ್‌ನ ತಂಡ ಅಲ್ಲಿಗೆ ಬಂದ ಮೇಲೆ ಊರು ರಾಕೆಟ್ ನಗರಿಯಾಯಿತು.

ಆಮೇಲೆ ಸೊಪ್ಪು ಮರಳಿ ಬಂತು, ಬೇರೆ ವೇಷದಲ್ಲಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪತ್ರಿಕೆಯಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು 47 ಹಣ್ಣು ತರಕಾರಿಗಳನ್ನು ಕ್ಯಾಲೊರಿಗೆ ಸಿಗುವ ಪೋಷಕಾಂಶದ ಲೆಕ್ಕದಲ್ಲಿ ತೂಗಿತು. ವಾಟರ್‌ಕ್ರೆಸ್‌ಗೆ ನೂರಕ್ಕೆ ನೂರು, ಮೊದಲ ಸ್ಥಾನ. ಬಹುಪಾಲು ನೀರೇ ಆದ ಸೊಪ್ಪಿನಲ್ಲಿ ಕ್ಯಾಲೊರಿ ತೀರ ಕಡಿಮೆ, ಹಾಗಾಗಿ ಈ ಲೆಕ್ಕ ಅದರ ಕಡೆಗೇ ವಾಲುತ್ತದೆ. ಅದರ ಒಳ್ಳೆಯ ಗುಣ ಸುಳ್ಳಲ್ಲ, ಆದರೆ ಈ ಅಂಕವನ್ನು ನೋಡಿ ಕೊಳ್ಳುವವರು ಹೊಟ್ಟೆ ತುಂಬಿದವರು. ಕ್ಯಾಲೊರಿ ಇಲ್ಲದಿರುವುದು ಅವರಿಗೆ ವರ. ಮನ್‌ಸ್ಟರ್‌ನ ಕಾಡಿನಿಂದ ತೆವಳಿ ಬಂದವರಿಗೆ ಅದೇ ಶಾಪವಾಗಿತ್ತು.

ಯಾವ ನೀರಿನ ಸೊಪ್ಪು?

ಈಚಿನ ವರ್ಷಗಳಲ್ಲಿ ಮಣ್ಣಿನಲ್ಲಿ ಬೆಳೆದ ಸೊಪ್ಪೂ ವಾಟರ್‌ಕ್ರೆಸ್ ಎಂಬ ಹೆಸರಲ್ಲಿ ಮಾರಾಟವಾಗತೊಡಗಿತು. ಬ್ರಿಟನ್ನಿನ ಬೆಳೆಗಾರರು ಹೋರಾಡಿ ಆ ಹೆಸರಿಗೆ ಸಾಂಪ್ರದಾಯಿಕ ವಿಶೇಷ ಎಂಬ ಯೂರೋಪಿನ ಕಾನೂನಿನ ರಕ್ಷಣೆ ಪಡೆದರು. ಹರಿಯುವ ನೀರಿನಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು ಸಲ್ಲಬೇಕು ಎಂಬುದು ಅವರ ವಾದದ ತಿರುಳು. ಗಿಡ ಅದೇ ಆದರೂ ನೀರು ಬೇರೆಯಾದರೆ ಹೆಸರು ಬೇರೆ.

ಆದರೆ ಅದೇ ನೀರಿಗೆ ಈ ಬೆಳೆಯಿಂದಲೂ ತೊಂದರೆಯಿದೆ. ಪ್ರಪಂಚದ ಸೀಮೆಸುಣ್ಣದ ತೊರೆಗಳಲ್ಲಿ ಬಹುಪಾಲು ಇರುವುದು ಇಂಗ್ಲೆಂಡಿನಲ್ಲಿ. ಮಡಿಗಳಿಗೆ ಹಾಕುವ ಫಾಸ್ಫೇಟ್ ಗೊಬ್ಬರ ಕೆಳಗಿನ ತೊರೆಗೆ ಇಳಿಯುತ್ತದೆ. ಸೊಪ್ಪು ತೊಳೆದು ಬಿಟ್ಟ ನೀರಿನಲ್ಲಿರುವ ಘಾಟು, ಅಂದರೆ ಗಿಡ ತನ್ನ ರಕ್ಷಣೆಗೆಂದು ಮಾಡಿಕೊಂಡ ಅದೇ ರಾಸಾಯನಿಕ, ತೊರೆಯ ಪುಟ್ಟ ಸಿಗಡಿಗಳಿಗೆ ಹಾನಿಕರವೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ನಗರಗಳಿಗಾಗಿ ಅಂತರ್ಜಲ ಎತ್ತುವುದರಿಂದ ಹಲವು ತೊರೆಗಳು ಬೇಸಿಗೆಯಲ್ಲಿ ಬತ್ತುತ್ತವೆ.

ಹವಾಯಿಯ ಒವಾಹು ದ್ವೀಪದಲ್ಲಿ ಜಪಾನಿ ಮೂಲದ ಸುಮಿದಾ ಕುಟುಂಬ 1928ರಿಂದ ಕಲಾವಾವೊ ಒರತೆಗಳ ನೀರಿನಲ್ಲಿ ವಾಟರ್‌ಕ್ರೆಸ್ ಬೆಳೆಯುತ್ತಿದೆ. ಈಗ ಆ ಮಡಿಗಳ ಪಕ್ಕದಲ್ಲೇ ದೊಡ್ಡ ಶಾಪಿಂಗ್ ಮಾಲ್ ಇದೆ. 2021ರ ನವೆಂಬರ್‌ನಲ್ಲಿ ಅದೇ ದ್ವೀಪದ ರೆಡ್ ಹಿಲ್‌ನಲ್ಲಿ ನೌಕಾಪಡೆಯ ಸಂಗ್ರಹಾಗಾರದ ಇಂಧನ ಸೋರಿ ಸಾವಿರಾರು ಮನೆಗಳ ಕುಡಿಯುವ ನೀರಿಗೆ ಸೇರಿತು. ಒರತೆಯ ಬಾಯಿಗೆ ಬೇಲಿ ಹಾಕಬಹುದು, ನೆಲದಡಿಯ ನೀರಿಗೆ ಬೇಲಿಯಿಲ್ಲ ಎಂಬುದನ್ನು ಆ ಘಟನೆ ನೆನಪಿಸಿತು.

ಭಾರತದ ನಗರಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಮುಂಬೈಯ ರೈಲು ಹಳಿಗಳ ಪಕ್ಕದ ಪಾಲಕ್, ಹೈದರಾಬಾದಿನ ಮೂಸಿ ನದಿಯ ದಂಡೆಯ ಸೊಪ್ಪು, ದೆಹಲಿಯ ಯಮುನೆಯ ಬಯಲಿನ ತರಕಾರಿ, ಇವೆಲ್ಲ ಯಾವ ನೀರಿನಲ್ಲಿ ಬೆಳೆಯುತ್ತವೆ ಎಂಬುದು ಅಲ್ಲಿಯವರಿಗೆ ಗೊತ್ತಿರುವ ಸಂಗತಿ. ಅವನ್ನು ಬೆಳೆಯುವವರಿಗೂ ತಲೆಯ ಮೇಲೆ ಹೊತ್ತು ಮಾರುವವರಿಗೂ ಬೇರೆ ನೀರು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಲಂಡನ್ನಿನಲ್ಲಿ ಸೊಪ್ಪು ಸುರಕ್ಷಿತವಾದದ್ದು ಮಾರುವ ಹುಡುಗಿ ಇನ್ನೊಂದು ಸಲ ತೊಳೆದದ್ದರಿಂದಲ್ಲ. ಯಾವ ನೀರು ಮಡಿಗೆ ಹರಿಯಬೇಕೆಂದು ಊರು ತೀರ್ಮಾನಿಸಿದ ಮೇಲೆ ಅದು ಸುರಕ್ಷಿತವಾಯಿತು. ಆ ಹೊತ್ತಿಗೆ ಮೇಹ್ಯೂ ಮಾತಾಡಿಸಿದ ಹುಡುಗಿ ಬದುಕಿದ್ದರೆ ಅರವತ್ತು ದಾಟಿದ ಮುದುಕಿಯಾಗಿರುತ್ತಿದ್ದಳು.